ಅಪ್‌ಡೇಟ್: ‘ನನಗೆ ಯಾವ ವರವೂ ಇಲ್ಲ’ ಎನ್ನುವವರಿಗೆ ತಲಾಂತುಗಳ ಪಾಠ

ನಾನು ಕೇಳಿದ್ದು ಇಷ್ಟೇ: ಯೌವನಸ್ಥರ ಬೈಬಲ್ ಅಧ್ಯಯನದಲ್ಲಿ ಮತ್ತಾಯ 25:14–30 ಓದಿಸಿದರೆ, ಎಲ್ಲರೂ ತಾವು ಒಂದೇ ತಲಾಂತಿನವರು, ದೇವರು ಸೇವೆಗಾಗಿ ಕೊಡುವ ಸಾಮರ್ಥ್ಯ, ಅಂದರೆ ವರ, ತಮಗಿಲ್ಲ ಎಂದು ಸುಮ್ಮನಾಗುತ್ತಾರೆ, ಏನು ಮಾಡುವುದು? (ಆ ಸಾಮ್ಯದಲ್ಲಿ ಯಜಮಾನನೊಬ್ಬ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸಿ ಹೋಗುತ್ತಾನೆ; ಮೊದಲಿಬ್ಬರು ಅದನ್ನು ಇಮ್ಮಡಿ ಮಾಡುತ್ತಾರೆ, ಮೂರನೆಯವನು ಹೂಳಿಡುತ್ತಾನೆ.) ಉತ್ತರಿಸಿದ ಎಲ್ಲರಿಗೂ ವಂದನೆ. ಪಾಠ ಈಗ ಹೀಗಿದೆ.

ಮೊದಲು ಲೆಕ್ಕ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ (ಮತ್ತಾಯ 20:2). ವರ್ಷಕ್ಕೆ 300 ದಿನ ದುಡಿದರೂ 20 ವರ್ಷದ ದುಡಿಮೆ! ಇದನ್ನು ಅವರಿಂದಲೇ ಲೆಕ್ಕ ಹಾಕಿಸಬೇಕು. ನಾವು ಹೇಳಿಬಿಟ್ಟರೆ ನಾಟುವುದಿಲ್ಲ. ಆಮೇಲೆ 21 ಮತ್ತು 23ನೇ ವಚನ ಜೊತೆಗಿಟ್ಟು ಓದಿಸಿ: ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಹೊಗಳಿಕೆ ಒಂದೇ. ಮೂರನೆಯವನು ಹೂಳಿಟ್ಟದ್ದಕ್ಕೆ ಕಾರಣ 25ನೇ ವಚನದಲ್ಲಿದೆ: ಭಯ. ಯಜಮಾನ ಕಠಿಣನೆಂಬ ಎಣಿಕೆಯೇ ಅದರ ಬೇರು. ಇಲ್ಲಿ ಆತುರ ಬೇಡ. ವರವನ್ನು ಉರಿಯುವಂತೆ ಮಾಡು, ದೇವರು ಕೊಟ್ಟದ್ದು ಭಯದ ಆತ್ಮವಲ್ಲ ಎನ್ನುವ 2 ತಿಮೊಥೆಯ 1:6–7 ಇಲ್ಲಿಗೇ ಸರಿ.

ರೋಮಾಪುರದವರಿಗೆ 12:6–8ರ ಏಳು ವರಗಳನ್ನು ಪರೀಕ್ಷೆಯ ಪಟ್ಟಿಯಂತೆ ಹಂಚಬೇಡಿ. 1 ಕೊರಿಂಥ 12ರ ಪಟ್ಟಿಯೇ ಬೇರೆ, ಯಾವುದೂ ಪೂರ್ಣವಲ್ಲ. (ಅಂಕ ಕೊಡುವ ಪ್ರಶ್ನಾವಳಿಗಳು ಅಭಿರುಚಿಯನ್ನಷ್ಟೇ ಅಳೆಯಬಹುದು.) ಬದಲಿಗೆ ಒಬ್ಬರಿಗೆ ಒಂದೇ ಕೆಲಸ, ಆರು ವಾರ: ವೇದಪಾಠ ಓದುವುದು, ರೋಗಿಗಳ ಭೇಟಿ, ಕಾಣಿಕೆ ಲೆಕ್ಕ. ಕೊನೆಗೆ ಮಾಡಿದವರನ್ನಲ್ಲ, ಸೇವೆ ಪಡೆದವರನ್ನು ಕೇಳಿ. 1 ಪೇತ್ರ 4:10ರ ಪ್ರಕಾರ ವರವಿರುವುದೇ ಒಬ್ಬರಿಗೊಬ್ಬರು ಸೇವೆ ಮಾಡುವುದಕ್ಕೆ. ಹೊಂದದಿದ್ದರೆ ಕೆಲಸ ಬದಲಿಸಿ, ವ್ಯಕ್ತಿಯನ್ನು ಕೈಬಿಡಬೇಡಿ.