ವಿಪಿಎನ್ ಕನೆಕ್ಟ್ ಆಗುತ್ತೆ, ಪಿಂಗ್ ಬರುತ್ತೆ, ಆದ್ರೆ ಕೆಲಸ ಮಾತ್ರ ನಡೀತಿಲ್ಲ

ಪ್ರಶ್ನೆ: ಸರ್ ನಮಸ್ತೆ, ಹಾಸನದಿಂದ ವರ್ಕ್ ಫ್ರಮ್ ಹೋಮ್, ಬೆಂಗಳೂರು ಆಫೀಸಿಗೆ ಓಪನ್‌ವಿಪಿಎನ್, ಯುಡಿಪಿ (ತಲುಪ್ತಾ ಅಂತ ನೋಡದೆ ಕಳಿಸೋ ಪ್ರೋಟೋಕಾಲ್) ಮೇಲೆ. ಮನೆಗೆ ಹೊಸ ಫೈಬರ್ ಹಾಕಿಸಿದ್ಮೇಲೆ ಶುರುವಾಗಿದ್ದು ಇದು. ಪಿಂಗ್ (ಸಣ್ಣ ಪರೀಕ್ಷಾ ಸಂದೇಶ) ಚೆನ್ನಾಗೇ ಬರುತ್ತೆ, ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡ್ ತಗೊಂಡು ಕಪ್ಪು ಸ್ಕ್ರೀನ್ ಆಗಿ ಕೂತ್ಬಿಡುತ್ತೆ, ಗಿಟ್ ಪುಲ್ (ಸರ್ವರಿಂದ ಕೋಡ್ ಇಳಿಸೋದು) ಅರ್ಧಕ್ಕೇ ನಿಲ್ಲುತ್ತೆ. ಲಾಗ್‌ನಲ್ಲಿ ಟನ್-ಎಂಟಿಯು (ವಿಪಿಎನ್ ಟನಲ್ ಒಳಗೆ ಹೋಗೋ ಒಂದು ಡೇಟಾ ತುಂಡು, ಅಂದ್ರೆ ಪ್ಯಾಕೆಟ್, ಎಷ್ಟು ಬೈಟ್ ಇರಬಹುದು ಅನ್ನೋ ಮಿತಿ) ಲೋಕಲ್ 1500, ರಿಮೋಟ್ 1400, ಹೊಂದ್ತಿಲ್ಲ ಅಂತ ವಾರ್ನಿಂಗ್, ಲಿಂಕ್-ಎಂಟಿಯು ಬಗ್ಗೆನೂ ಒಂದಿದೆ. ಸ್ಪೀಡ್ ಟೆಸ್ಟ್ ಸರಿಯಾಗೇ ಬರ್ತಿದೆ, ಲೈನಿಂದೇ ತೊಂದರೆನಾ?

ಉತ್ತರ: ಸಣ್ಣ ಪ್ಯಾಕೆಟ್ ಹೋಗ್ತಿದೆ, ದೊಡ್ಡದು ದಾರೀಲಿ ಬೀಳ್ತಿದೆ, ನೀವು ಹೇಳಿದ ಲಕ್ಷಣ ಎಲ್ಲ ಅದನ್ನೇ ತೋರಿಸುತ್ತೆ. ಸ್ಪೀಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಲಿಂಕ್-ಎಂಟಿಯು ವಾರ್ನಿಂಗ್ ಹೆಚ್ಚಾಗಿ ಎರಡು ಕಡೆ ಸೈಫರ್ (ಎನ್‌ಕ್ರಿಪ್ಷನ್ ವಿಧಾನ) ಮಾತುಕತೆಯಿಂದ ಬರೋದು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಟನ್-ಎಂಟಿಯು ಮಾತ್ರ ಎರಡೂ ಕಡೆ ಒಂದೇ ಇರ್ಲೇಬೇಕು. ನಿಮ್ಮ ಅಡ್ಮಿನ್ 1400 ಇಟ್ಟಿದಾರೆ, ಸೋ ನಿಮ್ಮ ಕಾನ್ಫಿಗ್ ಫೈಲ್‌ನಲ್ಲೂ 1400 ಹಾಕಿ.

ಆದ್ರೆ ನಂಬರ್ ಬದಲಾಯಿಸೋಕೆ ಮುಂಚೆ ಒಂದ್ಸಲ ಅಳೆದು ನೋಡಿ. ಗೊತ್ತಿರೋರೂ ಈ ಹೆಜ್ಜೆ ಬಿಟ್ಟು ಸುಮ್ನೆ ಊಹೆ ಮೇಲೆ 1300, 1200 ಅಂತ ಇಳಿಸ್ತಾ ಹೋಗ್ತಾರೆ, ಆಮೇಲೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಿರಲ್ಲ. ವಿಪಿಎನ್ ಆಫ್ ಮಾಡಿ, ವಿಂಡೋಸ್‌ನಲ್ಲಿ ಪಿಂಗ್‌ಗೆ ಮೈನಸ್ ಎಫ್ (ಪ್ಯಾಕೆಟ್ ಒಡೀಬೇಡ ಅಂತ), ಮೈನಸ್ ಎಲ್ 1472 (ಸೈಜ್) ಕೊಡಿ, 28 ಬೈಟ್ ಹೆಡರ್ ಸೇರಿ 1500 ಆಗುತ್ತೆ. ಹೋಗ್ಲಿಲ್ಲ ಅಂದ್ರೆ 1464 ಕೊಡಿ. ಅದು ಹೋದ್ರೆ ನಿಮ್ಮ ಫೈಬರ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನ್ ಕನೆಕ್ಟ್ ಮಾಡೋ ವಿಧಾನ) ಮೇಲೆ ಇದೆ ಅಂತ ಹೆಚ್ಚುಕಮ್ಮಿ ಖಚಿತ, ಅದು 8 ಬೈಟ್ ತಿಂದು 1492 ಉಳಿಸುತ್ತೆ. ಟನಲ್ ಒಳಗೆ 1400 ಇದ್ರೆ ಎನ್‌ಕ್ರಿಪ್ಷನ್ನು, ಹೊರಗಿನ ಹೆಡರ್ರು ಎಲ್ಲ ಸೇರಿ ಸುಮಾರು 1450, ಆರಾಮಾಗಿ ಹಿಡಿಸುತ್ತೆ. ಆಮೇಲೂ ನಿಂತ್ರೆ ಕಾನ್ಫಿಗ್‌ನಲ್ಲಿ ಎಂಎಸ್‌ಎಸ್‌ಫಿಕ್ಸ್ 1300 (ಪ್ಯಾಕೆಟ್ ಮೊದಲೇ ಚಿಕ್ಕದಾಗಿ ಕಳಿಸಿ ಅನ್ನೋ ಸೆಟ್ಟಿಂಗ್) ಸೇರಿಸಿ. ಒಂದು ಕಡೆ ಹಾಕಿದ್ರೂ ಸಾಕು, ಆದ್ರೆ ಅದು ಟನಲ್ ಒಳಗೆ ಹೋಗೋ ಟಿಸಿಪಿಗೆ (ತಲುಪಿದ್ದು ಖಚಿತ ಮಾಡ್ಕೊಳ್ಳೋ ಪ್ರೋಟೋಕಾಲ್) ಮಾತ್ರ, ಒಳಗಿನ ಯುಡಿಪಿಗೆ ಉಪಯೋಗ ಇಲ್ಲ.

ಇನ್ನೊಬ್ಬರು: ಸರ್, ದೊಡ್ಡ ಪ್ಯಾಕೆಟ್ ಬಿದ್ರೆ ಕಳಿಸಿದ ಮಶೀನ್‌ಗೆ ತಿಳಿಯಲ್ವಾ? ತಾನೇ ಚಿಕ್ಕದು ಮಾಡ್ಕೋಬೇಕಲ್ವಾ?

ಉತ್ತರ: ತಿಳೀಬೇಕು, 1990ರ ಆರ್‌ಎಫ್‌ಸಿ 1191 ಅನ್ನೋ ಇಂಟರ್ನೆಟ್ ನಿಯಮ ಪತ್ರ ಇರೋದೇ ಅದಕ್ಕೆ. ನಡುವಿನ ರೂಟರ್ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸೋ ಸಂದೇಶ) ಟೈಪ್ 3 ಕೋಡ್ 4 ಕಳಿಸಿ, ಇದು ದೊಡ್ಡದಾಯ್ತು, ಇಷ್ಟಕ್ಕೆ ಇಳಿಸಿ ಅನ್ನುತ್ತೆ. ಸೆಕ್ಯೂರಿಟಿ ಹೆಸರಲ್ಲಿ ಐಸಿಎಂಪಿ ಪೂರ್ತಿ ಬ್ಲಾಕ್ ಮಾಡಿರೋ ಫೈರ್‌ವಾಲ್ ಆ ಸುದ್ದೀನೇ ನುಂಗಿಬಿಡುತ್ತೆ, ಕಳಿಸೋನು ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸ್ತಾ ಇರ್ತಾನೆ. ಅಡ್ಮಿನ್‌ಗಳು ದಯವಿಟ್ಟು ಆ ಒಂದು ಟೈಪ್ ಆದ್ರೂ ಹೋಗೋಕೆ ಬಿಡಿ.

ಇನ್ನೊಬ್ಬರು: ನಮ್ದು ವೈರ್‌ಗಾರ್ಡ್ ಅನ್ನೋ ಬೇರೆ ವಿಪಿಎನ್, ಎಂಟಿಯು ಡೀಫಾಲ್ಟ್ 1420. ಪಿಪಿಪಿಒಇ ಲೈನ್ ಮೇಲೆ ನಡೆಯುತ್ತಾ?

ಉತ್ತರ: ಸರ್ವರ್‌ಗೆ ಐಪಿವಿ4ನಲ್ಲಿ ಹೋದ್ರೆ ಹೆಡರ್ ಎಲ್ಲ 60 ಬೈಟ್ ಸೇರಿ 1480, 1492ರ ಒಳಗೇ ಇದೆ, ನಡೆಯುತ್ತೆ. ಐಪಿವಿ6 ಆದ್ರೆ 80 ಸೇರಿ 1500, ಅಂದ್ರೆ 1492ಕ್ಕಿಂತ 8 ಬೈಟ್ ಜಾಸ್ತಿ, ಅಲ್ಲಿ 1412 ಹಾಕಿ.