ಏದುಸಿರು ಬಂದ ಅಮ್ಮನನ್ನು ಮಲಗಿಸಿದ್ದು ತಪ್ಪಾಯಿತೇ?

ಬ್ರಹ್ಮಾವರದವನು:
ಅಮ್ಮನಿಗೆ 71. ಹೃದಯ ದುರ್ಬಲವೆಂದು ಎರಡು ವರ್ಷದಿಂದ ಮಾತ್ರೆ ನಡೆಯುತ್ತಿದೆ. ಕಳೆದ ಗುರುವಾರ ನಡುರಾತ್ರಿ ಎರಡಕ್ಕೆ ಏದುಸಿರು ಬಿಡುತ್ತಾ ಎದ್ದು ಕುಳಿತರು. ಎದೆಯೊಳಗೆ ಗಂಜಿ ಕುದಿಯುವಂಥ ಗುಳುಗುಳು ಸದ್ದು. ಗ್ಯಾಸ್ ಇರಬೇಕೆಂದು ಓಮದ ನೀರು ಕುಡಿಸಿ ಮಲಗಿಸಿದೆ. ಮಲಗಿಸಿದಷ್ಟೂ ನನ್ನ ಕೈ ತಳ್ಳಿ ಏಳುತ್ತಿದ್ದರು. ಬಾಡಿಗೆ ಕಾರು ಹುಡುಕಿ ಆಸ್ಪತ್ರೆ ಮುಟ್ಟುವಾಗ ನಾಲ್ಕು ಗಂಟೆ. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದರು. ಈಗ ಮನೆಯಲ್ಲಿದ್ದಾರೆ. ಮತ್ತೆ ಹೀಗಾದರೆ ನಾನೇನು ಮಾಡಬೇಕು?

ನಿವೃತ್ತ ದಾದಿ, ಉಡುಪಿ:
ನಿಮಗಿಂತ ಅಮ್ಮನ ದೇಹಕ್ಕೇ ಚೆನ್ನಾಗಿ ಗೊತ್ತಿತ್ತು ಮಾರಾಯರೇ! ಮಲಗಿದರೆ ಕಾಲಿನ ರಕ್ತವೆಲ್ಲ ಎದೆಗೆ ಹರಿಯುತ್ತದೆ. ಸೋತ ಹೃದಯ ಅದನ್ನು ಮುಂದೆ ತಳ್ಳಲಾರದೆ ಶ್ವಾಸಕೋಶ ಒದ್ದೆಯಾಗುತ್ತದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಎದುರು ಸ್ಟೂಲಿನ ಮೇಲೆ ದಿಂಬಿಟ್ಟು ಕೈ ಊರಲು ಬಿಡಿ. ಕುಡಿಯಲು ಏನೂ ಬೇಡ. ಮೊದಲ ಕರೆ 108ಕ್ಕೆ, ಭಾವನಿಗೆ ಆಮೇಲೆ. "ಹೃದಯದ ರೋಗಿ, ಉಸಿರಾಡಲು ಆಗುತ್ತಿಲ್ಲ" ಎಂದಷ್ಟೇ ಹೇಳಿ. ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ಆ ಇಂಜೆಕ್ಷನ್ ಫ್ಯೂರೋಸೆಮೈಡ್ ಇರಬೇಕು, ನೀರನ್ನು ಮೂತ್ರವಾಗಿ ಇಳಿಸುವ ಮದ್ದು. ಬೇಗ ಸಿಕ್ಕಷ್ಟೂ ಒಳ್ಳೆಯದು. ಈ ಏದುಸಿರಿನ ಹಿಂದೆ ಹೃದಯಾಘಾತ ಅಡಗಿರಬಹುದು, ಅದಕ್ಕೇ ಕೂಡಲೇ ಇಸಿಜಿ. ನೆರೆಮನೆಯವರು ನಾಲಗೆಯಡಿಗೆ ಇಡುವ ಮಾತ್ರೆ ತಂದರೆ ದಯವಿಟ್ಟು ಕೊಡಬೇಡಿ. ರಕ್ತದೊತ್ತಡ ಮೊದಲೇ ಇಳಿದಿದ್ದರೆ ಅದು ಇನ್ನಷ್ಟು ಕೆಡವುತ್ತದೆ.

ಬ್ರಹ್ಮಾವರದವನು:
ಧನ್ಯವಾದ ಅಕ್ಕ. ಆ ವಾರವಿಡೀ ಅಮ್ಮ ಮೂರು ದಿಂಬು ಒರಗಿ ಮಲಗುತ್ತಿದ್ದರು, ಚಪ್ಪಲಿಯೊಳಗೆ ಪಾದ ಹಿಡಿಸುತ್ತಿರಲಿಲ್ಲ. ಎರಡೂ ನೀರು ತುಂಬುತ್ತಿದ್ದ ಸೂಚನೆ ಎಂದು ತಿಳಿಯದೆ ಹೊಸ ಚಪ್ಪಲಿ ತಂದುಕೊಟ್ಟೆ, ಬುದ್ಧಿವಂತ ನಾನು.

ಕುಂದಾಪುರದ ಸೊಸೆ:
ನಮ್ಮ ಮಾವನವರಿಗೂ ಇದೇ ತೊಂದರೆ. ದಿನಾ ಬೆಳಿಗ್ಗೆ ಗಂಜಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಡಾಕ್ಟರಿಗೆ ಫೋನ್. ಉಪ್ಪಿನಕಾಯಿ, ಒಣಮೀನಿನ ಚಟ್ನಿ ಎರಡೂ ಬಂದ್. ಗಂಜಿಯ ಮುಂದೆ ಮುಖ ಊದಿಸಿ ಕೂರುತ್ತಾರೆ, ಇರಲಿ. ಮಂಡಿನೋವಿನ ಮಾತ್ರೆಯನ್ನೂ ಕೇಳದೆ ನುಂಗುವಂತಿಲ್ಲ, ಅವುಗಳಲ್ಲಿ ಹಲವು ದೇಹದಲ್ಲಿ ನೀರು ನಿಲ್ಲಿಸುತ್ತವೆ.

ಬ್ರಹ್ಮಾವರದವನು:
ತೂಕದ ಯಂತ್ರ ತಂದೆ. ಇಂದು 52 ಕಿಲೋ 400 ಗ್ರಾಂ. ಮಂಡಿನೋವಿನ ಮಾತ್ರೆ ಕಪಾಟಿನಲ್ಲಿ ಸೀರೆಗಳ ನಡುವೆ ಸಿಕ್ಕಿತು, ಅರ್ಧ ಖಾಲಿ.