ಅಪ್‌ಡೇಟ್: ಪೋಕರ್ ಮೇನ್ ಇವೆಂಟ್‌ಗೆ ಪಾಲು ಮಾರಿದ್ದು ಏನಾಯ್ತು

ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್‌ಗೆ 10,000 ಡಾಲರ್ ಬೈ-ಇನ್ (ಪ್ರವೇಶ ಶುಲ್ಕ) ಹೊಂದಿಸುವುದು ಹೇಗೆ ಅಂತ ಕೇಳಿದ್ದೆ. ಆಡಿ ಬಂದೆ, 20,000 ಸಿಕ್ಕಿತು.

ಪೂರ್ತಿ ದುಡ್ಡು ಒಬ್ಬರೇ ಹಾಕಲಿ, ಲಾಭ ಅರ್ಧರ್ಧ ಎಂಬ ಸಲಹೆ ಹೊಂದಲಿಲ್ಲ. ಅಂಥವರು ಮೇಕಪ್ ಕೇಳುತ್ತಾರೆ. ಅಂದರೆ ಈಗ ಸೋತರೆ, ಮುಂದಿನ ಗೆಲುವಿನಲ್ಲಿ ಆ ನಷ್ಟ ತೀರಿದ ಮೇಲೇ ನಮಗೆ ಪಾಲು. ವರ್ಷವಿಡೀ ಆಡುವವರಿಗೆ ಸರಿ, ಒಂದೇ ಟೂರ್ನಿ ಆಡುವ ನನಗೆ ಯಾಕೆ?

ಗೆಳೆಯರಿಗೆ ಗೆಲುವಿನ ಪಾಲು ಮಾರಿ ಅಂದಿದ್ದೇ ಕೆಲಸಕ್ಕೆ ಬಂತು. 1.1 ಮಾರ್ಕಪ್‌ನಲ್ಲಿ (ಅಸಲು ಬೆಲೆಯ 1.1 ಪಟ್ಟಿಗೆ) ಅರ್ಧ ಮಾರಿದೆ. ಶೇ. 10ರ ಪಾಲಿಗೆ 1,100 ಡಾಲರ್. ಹೀಗೆ 5,500 ಬಂತು, ಕೈಯಿಂದ 4,500 ಹಾಕಿದೆ. ಕೊನೆಗೆ ಅವರಿಗೆ ತಲಾ 2,000 ಕೊಟ್ಟೆ. 1.3 ಕೇಳು ಅಂದವರೂ ಇದ್ದರು. ನನ್ನ ಆಟಕ್ಕೆ ಅದು ಜಾಸ್ತಿ ಆಯ್ತು, ಅಲ್ವಾ?

ಗೊತ್ತೇ ಇರದಿದ್ದ ವಿಷಯ ತೆರಿಗೆಯದು. ದುಡ್ಡು ಕೊಡುವ ಕೌಂಟರ್‌ನಲ್ಲೇ ಫಾರ್ಮ್ 5754 ಕೇಳಬೇಕು. ಪಾಲುದಾರರ ಹೆಸರು, ವಿಳಾಸ, ಸೋಶಿಯಲ್ ಸೆಕ್ಯುರಿಟಿ ನಂಬರ್ ಬರೆದುಕೊಟ್ಟರೆ ಡಬ್ಲ್ಯೂ-2ಜಿ (ಗೆಲುವು ತೋರಿಸುವ ತೆರಿಗೆ ಪತ್ರ) ಅವರವರ ಹೆಸರಿಗೇ ಬರುತ್ತದೆ. ಇಲ್ಲದಿದ್ದರೆ ಇಡೀ ಗೆಲುವು ಆಡಿದವನ ಲೆಕ್ಕಕ್ಕೇ. ಬೆಂಗಳೂರಿನ ಗೆಳೆಯನೊಬ್ಬ ಪಾಲು ಕೇಳಿದ್ದ, ಬೇಡ ಅಂದೆ. ಅಮೆರಿಕದ ತೆರಿಗೆ ನಿವಾಸಿ ಅಲ್ಲದ ಭಾರತೀಯರ ಗೆಲುವಿನಲ್ಲಿ ಶೇ. 30 ಮೊದಲೇ ಮುರಿದುಕೊಳ್ಳುತ್ತಾರೆ.

ಪಾಲುದಾರರ ವಿವರ ಆಟಕ್ಕೆ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಕೌಂಟರ್ ಮುಂದೆ ನಿಂತು ಎಲ್ಲರಿಗೂ ಫೋನ್ ಮಾಡುವುದು ಆಗದ ಮಾತು.